ಮೈಯಲ್ಲಿ ಉಳಿದ ನೋವು: ಆರ್ಟ್ ಥೆರಪಿ ಏನು ಮಾಡಬಲ್ಲದು, ಏನು ಮಾಡಲಾರದು?

ಪ್ರತಿ ಮಳೆಗಾಲದಲ್ಲೂ ಹುಲಿಕಲ್ ಸುದ್ದಿಗೆ ಬರೋದು ಒಂದು ಅಂಕಿಯಾಗಿ. 24 ಗಂಟೆಯಲ್ಲಿ ಇಷ್ಟು ಮಿಲಿಮೀಟರ್ ಮಳೆ, ರಾಜ್ಯದಲ್ಲೇ ಅತಿ ಹೆಚ್ಚು ಅಂತ. ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತೆ: ಲಿಂಗನಮಕ್ಕಿಯ ಇವತ್ತಿನ ನೀರಿನ ಮಟ್ಟ, ಗರಿಷ್ಠ 1819 ಅಡಿ. ಬೆಂಗಳೂರಲ್ಲಿ ಕೂತು ಓದೋರಿಗೆ ಇದು ಕರೆಂಟಿನ ಲೆಕ್ಕ. ಹೊಸನಗರ, ಸಾಗರ, ತೀರ್ಥಹಳ್ಳಿ ಸೀಮೆಯ ಹಿರಿಯರಿಗೆ ಅದು ಮುಳುಗಡೆಯ ಲೆಕ್ಕ. ಆ ಪದಕ್ಕೆ ಇಲ್ಲಿ ಹಿಂದೆ ಮುಂದೆ ಏನೂ ಸೇರಿಸಬೇಕಾಗಿಲ್ಲ. 'ಮುಳುಗಡೆಯೋರು' ಅಂದ್ರೆ ಸಾಕು, ಯಾರು, ಎಲ್ಲಿಂದ ಬಂದವರು ಅಂತ ಎಲ್ಲರಿಗೂ ಗೊತ್ತಾಗುತ್ತೆ.

ಇತ್ತ ನಮ್ಮ ಫೋನುಗಳಲ್ಲಿ ಇನ್ನೊಂದು ಪದ ಓಡಾಡ್ತಿದೆ: ಟ್ರಾಮಾ. ಅದರ ಜೊತೆಗೆ 'ಸೊಮ್ಯಾಟಿಕ್ ಹೀಲಿಂಗ್', 'ಆರ್ಟ್ ಥೆರಪಿ', 'ದೇಹದಲ್ಲಿ ಸಿಕ್ಕಿಹಾಕಿಕೊಂಡ ನೋವನ್ನು ಬಿಡುಗಡೆ ಮಾಡಿ' ಅನ್ನೋ ರೀಲ್ಸ್‌ಗಳು. ವಾರಾಂತ್ಯದ ವರ್ಕ್‌ಶಾಪ್‌ಗಳು. ಇದನ್ನೆಲ್ಲ ಶ್ರೀಮಂತರ ಶೋಕಿ ಅಂತ ತಳ್ಳಿಹಾಕೋ ಸ್ನೇಹಿತರು ನನಗಿದ್ದಾರೆ. ಇದೇ ಬದುಕು ಉಳಿಸಿತು ಅನ್ನೋರೂ ಇದ್ದಾರೆ. ಹಾಗಾದ್ರೆ ದೇಹವನ್ನು ಮುಂದಿಟ್ಟುಕೊಂಡು ಮಾಡುವ ಈ ಆರ್ಟ್ ಥೆರಪಿ ನಿಜವಾಗಿ ಏನು? ಅದರ ಹಿಂದೆ ವಿಜ್ಞಾನ ಎಷ್ಟಿದೆ? ಹುಲಿಕಲ್‌ನಂಥ ಊರಿಗೆ ಅದರಿಂದ ಏನಾದ್ರೂ ಉಪಯೋಗ ಉಂಟಾ? ಒಂದೊಂದಾಗಿ ನೋಡೋಣ.

ಒಗ್ಗರಣೆ ಹೊಗೆಗೂ ಕೂಗುವ ಅಲಾರಂ

ಇಂಜಿನಿಯರಿಂಗ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ವಿಷಯ ಇರುತ್ತೆ. ಅದರ ತಿರುಳು ಇಷ್ಟೇ: ಯಂತ್ರ ಒಂದು ಸ್ಥಿತಿಯಲ್ಲಿರಬೇಕು, ಏನಾದರೂ ತಳ್ಳಿದರೆ ಅಲುಗಾಡಬೇಕು, ಆಮೇಲೆ ಫೀಡ್‌ಬ್ಯಾಕ್ ಮೂಲಕ ತಾನಾಗೇ ಮೊದಲ ಸ್ಥಿತಿಗೆ ಮರಳಬೇಕು. ನಮ್ಮ ದೇಹವೂ ಹೀಗೇ ಕೆಲಸ ಮಾಡುತ್ತೆ. ಅಪಾಯ ಕಂಡ ಕೂಡಲೇ ಮಿದುಳಿನ ಒಳಗಿರುವ ಅಮಿಗ್ಡಲಾ ಎಂಬ ಪುಟ್ಟ ಭಾಗ ಎಚ್ಚರಿಕೆ ಕೊಡುತ್ತೆ. ಅಡ್ರಿನಲಿನ್ ಹರಿಯುತ್ತೆ, ಎದೆಬಡಿತ ಏರುತ್ತೆ, ಸ್ನಾಯುಗಳು ಬಿಗಿಯಾಗ್ತವೆ, ಜೀರ್ಣಕ್ರಿಯೆ ನಿಧಾನವಾಗುತ್ತೆ. ಹೊಡೆದಾಡು, ಓಡು, ಎರಡೂ ಆಗದಿದ್ದರೆ ಅಲ್ಲಾಡದೆ ಮರಗಟ್ಟಿ ನಿಲ್ಲು. ಅಪಾಯ ಕಳೆದ ಮೇಲೆ ಎಲ್ಲ ಇಳಿಯಬೇಕು.

ಈ ಇಳಿಯುವ ದಾರಿ ಕೆಟ್ಟುಹೋದಾಗ ಉಳಿಯುವುದನ್ನು ಟ್ರಾಮಾ ಅಂತಾರೆ. ಘಟನೆ ಮುಗಿದಿರುತ್ತೆ, ದೇಹಕ್ಕೆ ಮಾತ್ರ ಮುಗಿದಿರಲ್ಲ. ಅಲಾರಂ ಎಷ್ಟು ಸೂಕ್ಷ್ಮವಾಗುತ್ತೆ ಅಂದ್ರೆ ಒಗ್ಗರಣೆ ಹೊಗೆಗೂ ಮನೆಗೆ ಬೆಂಕಿ ಬಿದ್ದ ಹಾಗೆ ಕೂಗುತ್ತೆ.

ನನ್ನದೇ ಒಂದು ಸಣ್ಣ ಉದಾಹರಣೆ. ಕೆಲವು ವರ್ಷದ ಹಿಂದೆ ಮಳೆಗಾಲದ ಒಂದು ರಾತ್ರಿ ನಾನಿದ್ದ ಬಸ್ಸು ಹುಲಿಕಲ್ ಘಾಟಿಯ ತಿರುವಿನಲ್ಲಿ ಜಾರಿ ಗುಡ್ಡದ ಬದಿಯ ಚರಂಡಿಗೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಇಳಿದು, ಮುಂದಿನ ಬಸ್ಸು ಹತ್ತಿ ಊರು ಸೇರಿದೆವು. ಆದರೆ ಆಮೇಲೆ ಕೆಲವು ತಿಂಗಳು, ಕಾದ ಬ್ರೇಕಿನ ವಾಸನೆ ಮೂಗಿಗೆ ಬಡಿದರೆ ಸಾಕು, ಎಲ್ಲೇ ಕೂತಿದ್ದರೂ ನನ್ನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅಲ್ಲಿ ಬ್ರೇಕೂ ಇಲ್ಲ, ನಾನು ಡ್ರೈವರೂ ಅಲ್ಲ. ತಲೆಗೆ ಇದು ಗೊತ್ತು, ಕಾಲಿಗೆ ಗೊತ್ತಿಲ್ಲ. ನಿಧಾನಕ್ಕೆ ಅದು ತಾನಾಗೇ ಹೋಯ್ತು. ಬಹುಪಾಲು ಜನರಿಗೆ, ಬಹುಪಾಲು ಆಘಾತಗಳ ನಂತರ ಹೀಗೇ ಆಗುತ್ತೆ. ಕೆಟ್ಟದ್ದೇನೋ ನಡೆದ ಮಾತ್ರಕ್ಕೆ ಎಲ್ಲರಿಗೂ ಚಿಕಿತ್ಸೆ ಬೇಕಾಗಲ್ಲ. ತಿಂಗಳುಗಟ್ಟಲೆ ನಿದ್ದೆ ಕೆಟ್ಟು, ಕೆಲಸ ಕೆಟ್ಟು, ಸಂಬಂಧ ಕೆಟ್ಟಾಗ ಮಾತ್ರ ಅದು ಕಾಯಿಲೆಯ ರೂಪ ಪಡೆದಿದೆ ಎಂದರ್ಥ. ವೈದ್ಯರು ಅದರ ಒಂದು ರೂಪವನ್ನು ಪಿಟಿಎಸ್‌ಡಿ ಅಂತ ಕರೀತಾರೆ.

ಇಲ್ಲಿ ಮಾತಿನ ಸಮಸ್ಯೆಯೂ ಒಂದಿದೆ. 1996ರಲ್ಲಿ ಅಮೆರಿಕದ ಸಂಶೋಧಕರು ಪಿಟಿಎಸ್‌ಡಿ ಇದ್ದ ಎಂಟು ಜನರಿಗೆ ಅವರದೇ ಕಹಿ ಅನುಭವವನ್ನು ಓದಿ ಕೇಳಿಸುತ್ತಾ ಮಿದುಳಿನ ಸ್ಕ್ಯಾನ್ ಮಾಡಿದರು. ಅಮಿಗ್ಡಲಾ ಇರುವ ಬಲಭಾಗದಲ್ಲಿ ಚಟುವಟಿಕೆ ಏರಿತ್ತು. ಮಾತನ್ನು ಹೊಂದಿಸುವ ಎಡಭಾಗದ 'ಬ್ರೋಕಾ' ಪ್ರದೇಶದಲ್ಲಿ ಇಳಿದಿತ್ತು. ಎಂಟು ಜನರ ಅಧ್ಯಯನದಿಂದ ದೊಡ್ಡ ತೀರ್ಮಾನಕ್ಕೆ ಬರೋಕಾಗಲ್ಲ. ಆದರೂ ಆಘಾತದ ನೆನಪು ಬಂದಾಗ 'ಬಾಯಿ ಕಟ್ಟಿಹೋಯ್ತು' ಅನ್ನೋ ಜನರ ಅನುಭವಕ್ಕೆ ಅದು ಹೊಂದುತ್ತೆ. 'ಏನಾಯ್ತು ಹೇಳಿ' ಅನ್ನೋ ಪ್ರಶ್ನೆಯಿಂದಲೇ ಎಲ್ಲ ಚಿಕಿತ್ಸೆ ಶುರುವಾಗಬೇಕಾ ಅನ್ನೋ ಸಂಶಯ ಹುಟ್ಟಿದ್ದು ಇಂಥ ಕಡೆಯಿಂದ. ಬೆಸೆಲ್ ವ್ಯಾನ್ ಡರ್ ಕೋಲ್ಕ್ ಅವರ 'ದ ಬಾಡಿ ಕೀಪ್ಸ್ ದ ಸ್ಕೋರ್' (2014) ಈ ಸಂಶಯವನ್ನು ಜಗತ್ತಿನ ಮನೆಮನೆಗೂ ತಲುಪಿಸಿತು.

ಕನ್ನಡದಲ್ಲಿ ದುಃಖ ಎಲ್ಲಿರುತ್ತೆ?

ಇಂಗ್ಲಿಷಿನಲ್ಲಿ ಹೊಸ ಸಂಶೋಧನೆ ಅನ್ನಿಸುವ ಈ ಮಾತು ಕನ್ನಡ ಮಾತಾಡೋರಿಗೆ ಹೊಸದೇನಲ್ಲ. ನಮ್ಮಲ್ಲಿ ಹೆದರಿದರೆ ಎದೆ ಝಲ್ ಅನ್ನುತ್ತೆ. ಮಗುವಿನ ಅಳು ಕೇಳಿದರೆ ಕರುಳು ಚುರ್ ಅನ್ನುತ್ತೆ. ಬೇರೆಯವರ ಏಳಿಗೆಗೆ ಹೊಟ್ಟೆ ಉರಿಯುತ್ತೆ. ದುಃಖಕ್ಕೆ ಗಂಟಲು ಕಟ್ಟುತ್ತೆ. ಕೆಟ್ಟ ಸುದ್ದಿಗೆ ಕೈಕಾಲು ತಣ್ಣಗಾಗ್ತವೆ. ಸಂಕೋಚ ಕಳೆದುಕೊಂಡು ಮುಂದೆ ಬಂದರೆ ಮೈಚಳಿ ಬಿಟ್ಟ ಅಂತೀವಿ. ಭಾವನೆಗಳ ವಿಳಾಸವನ್ನೆಲ್ಲ ನಮ್ಮ ಭಾಷೆ ಮೈಯಲ್ಲೇ ಗುರುತು ಮಾಡಿಟ್ಟಿದೆ.

2014ರಲ್ಲಿ ಫಿನ್ಲೆಂಡಿನ ಸಂಶೋಧಕರು ಸುಮಾರು 700 ಜನರಿಗೆ ಕಂಪ್ಯೂಟರಿನಲ್ಲಿ ಮನುಷ್ಯಾಕೃತಿಯ ರೇಖೆ ಕೊಟ್ಟು, ಸಿಟ್ಟು ಬಂದಾಗ, ಹೆದರಿದಾಗ, ದುಃಖವಾದಾಗ ಮೈಯ ಯಾವ ಭಾಗ ಚುರುಕಾಗುತ್ತೆ, ಯಾವ ಭಾಗ ಮಂಕಾಗುತ್ತೆ ಅಂತ ಬಣ್ಣ ಹಚ್ಚಿಸಿದರು. ಫಿನ್ಲೆಂಡ್, ಸ್ವೀಡನ್, ತೈವಾನ್ ಜನರ ನಕ್ಷೆಗಳು ಹೆಚ್ಚುಕಮ್ಮಿ ಒಂದೇ ಥರ ಬಂದವು. ಸಿಟ್ಟಿಗೆ ತಲೆ, ಎದೆ, ತೋಳು ಬಿಸಿ. ದುಃಖಕ್ಕೆ ಕೈಕಾಲು ತಣ್ಣಗೆ.

ಇದರ ರಾಜಕೀಯ ಮುಖವೂ ಒಂದಿದೆ. ಹಳ್ಳಿಯ ಆಸ್ಪತ್ರೆಗೆ ಹೋಗಿ 'ನನಗೆ ಆತಂಕ ಇದೆ, ಟ್ರಾಮಾ ಇದೆ' ಅಂತ ಹೇಳೋ ಹೆಂಗಸು ಎಲ್ಲಿ ಸಿಗ್ತಾಳೆ? ಆಕೆ ಹೇಳೋದು ಮೈಕೈ ನೋವು, ತಲೆ ಸುತ್ತು, ಎದೆ ಉರಿ, ನಿದ್ದೆ ಹತ್ತಲ್ಲ. ಚೀಟಿಯಲ್ಲಿ ಬರೋದು ನೋವಿನ ಗುಳಿಗೆ, ಬಿ-ಕಾಂಪ್ಲೆಕ್ಸ್, ಗ್ಯಾಸಿನ ಮಾತ್ರೆ. ರಕ್ತಹೀನತೆಯೋ ಥೈರಾಯ್ಡೋ ಮೊದಲು ಪರೀಕ್ಷೆ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪರೀಕ್ಷೆಯಲ್ಲಿ ಏನೂ ಸಿಗದಿದ್ದಾಗ 'ನಿಮಗೇನೂ ಆಗಿಲ್ಲ, ಹೋಗಿ' ಅಂತ ಕಳಿಸೋದು ತಪ್ಪು. ಆಕೆ ಮೈಯ ಭಾಷೆಯಲ್ಲಿ ಹೇಳಿದ್ದನ್ನು ಓದೋಕೆ ಅಲ್ಲಿ ಯಾರಿಗೂ ಬರಲಿಲ್ಲ, ಅಷ್ಟೇ.

ಒಂದು ದೊಡ್ಡ ಕಂದು ಕಾಗದ

ಹಾಗಾದ್ರೆ ಈ ಥೆರಪಿಯಲ್ಲಿ ಮಾಡೋದೇನು? ವಿಧಾನ ಹಲವಿವೆ. ಮಣ್ಣು ಮಿದಿಯೋದು, ಲಯಕ್ಕೆ ಹೆಜ್ಜೆ ಹಾಕೋದು, ಉಸಿರು ಗಮನಿಸುತ್ತಾ ಗೆರೆ ಎಳೆಯೋದು. ಅರ್ಥ ಮಾಡಿಕೊಳ್ಳೋಕೆ ಸುಲಭವಾದದ್ದು 'ಬಾಡಿ ಮ್ಯಾಪಿಂಗ್', ಅಂದ್ರೆ ಮೈಯ ನಕ್ಷೆ ಬರೆಯೋದು.

ಆಳೆತ್ತರದ ಕಾಗದವನ್ನು ನೆಲಕ್ಕೆ ಹಾಸ್ತಾರೆ. ಅದರ ಮೇಲೆ ಮಲಗಿ, ನಂಬಿಕೆ ಇರುವ ಒಬ್ಬರಿಂದ ಮೈಯ ಸುತ್ತ ಗೆರೆ ಎಳೆಸಿಕೊಳ್ಳಬೇಕು. ಮಲಗೋಕೆ, ಮುಟ್ಟಿಸಿಕೊಳ್ಳೋಕೆ ಮನಸ್ಸಿಲ್ಲದಿದ್ದರೆ ಗೋಡೆಗೆ ನಿಂತೋ, ಸಣ್ಣ ಹಾಳೆಯಲ್ಲಿ ತಾನೇ ಬಿಡಿಸಿಯೋ ಮಾಡಬಹುದು. ಆಮೇಲೆ ಬಣ್ಣ. ಮೊದಲ ಪ್ರಶ್ನೆ 'ನೋವೆಲ್ಲಿದೆ' ಅಂತ ಇರಲ್ಲ. ಮೈಯಲ್ಲಿ ಎಲ್ಲಿ ಹಗುರ ಇದೆ, ಯಾವ ಭಾಗ ನಿಮಗೆ ಬಲ ಕೊಡುತ್ತೆ ಅಂತ ಶುರುಮಾಡ್ತಾರೆ. ಒಬ್ಬರು ಅಂಗಾಲಿಗೆ ಹಸಿರು ಹಚ್ಚಬಹುದು, ಇನ್ನೊಬ್ಬರು ಕೈಗೆ. ಕಾಲೂರೋಕೆ ಒಂದು ಜಾಗ ಸಿಕ್ಕ ಮೇಲಷ್ಟೇ ಭಾರ ಎಲ್ಲಿದೆ, ಬಿಗಿ ಎಲ್ಲಿದೆ ಅನ್ನೋ ಪ್ರಶ್ನೆ. ಸ್ವಲ್ಪ ಹೊತ್ತು ಅಲ್ಲಿ, ಮತ್ತೆ ಹಸಿರಿನ ಜಾಗಕ್ಕೆ ವಾಪಸ್. ಹೀಗೆ ಹೋಗಿ ಬಂದು ಮಾಡುತ್ತಾ, ಏರಿದ ಎದೆಬಡಿತ ಇಳಿಯಲೂ ಬಲ್ಲದು ಅನ್ನೋದನ್ನು ದೇಹ ಮತ್ತೆ ಕಲಿಯುತ್ತೆ. ನನ್ನ ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಕೆಟ್ಟ ಫೀಡ್‌ಬ್ಯಾಕ್ ದಾರಿಯನ್ನು ಸಣ್ಣ ಸಣ್ಣ ಹೊರೆ ಹೊರಿಸಿ ರಿಪೇರಿ ಮಾಡೋದು.

ಒಳ್ಳೆ ಥೆರಪಿಸ್ಟ್ ಚಿತ್ರ ನೋಡಿ ಭವಿಷ್ಯ ಹೇಳಲ್ಲ. 'ಕಪ್ಪು ಹಚ್ಚಿದ್ದೀರಿ, ಅಂದ್ರೆ ಖಿನ್ನತೆ' ಅಂತ ಯಾರಾದ್ರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಬಣ್ಣದ ಅರ್ಥ ಹೇಳುವ ಹಕ್ಕು ಹಚ್ಚಿದವರದ್ದು. ಕಥೆ ಹೇಳದೇ ಇರುವ, ಅರ್ಧಕ್ಕೆ ನಿಲ್ಲಿಸುವ, ಕಾಗದವನ್ನು ಹರಿದು ಹಾಕುವ ಹಕ್ಕೂ ಅವರದ್ದೇ. ಆಘಾತ ಅಂದ್ರೆ ಮೂಲತಃ ತನ್ನ ಮೈಮೇಲಿನ ಅಧಿಕಾರ ಕಳೆದುಹೋದ ಅನುಭವ. ಅದನ್ನು ವಾಪಸ್ ಕೊಡೋ ಜಾಗದಲ್ಲೇ ಮತ್ತೆ ಯಾರೋ ಅಧಿಕಾರ ನಡೆಸಿದರೆ ಆ ಥೆರಪಿಗೆ ಏನರ್ಥ?

ಈ ವಿಧಾನ ಹೆಸರಾದದ್ದು ದಕ್ಷಿಣ ಆಫ್ರಿಕಾದಲ್ಲಿ. 2002ರಲ್ಲಿ ಕೇಪ್‌ಟೌನ್ ಪಕ್ಕದ ಖಾಯೆಲಿಟ್ಶಾದ, ಎಚ್‌ಐವಿ ಜೊತೆ ಬದುಕುತ್ತಿದ್ದ ಬಂಬನಾನಿ ಗುಂಪಿನ ಹೆಂಗಸರು ಕಲಾವಿದೆ ಜೇನ್ ಸಾಲಮನ್ ಜೊತೆ ತಮ್ಮ ಮೈಯ ನಕ್ಷೆ ಬರೆದರು. ವೈರಸ್ ಎಲ್ಲಿದೆ, ಗಾಯದ ಗುರುತು ಎಲ್ಲಿದೆ, ಹೆತ್ತ ಮಗು ಎಲ್ಲಿತ್ತು, ಶಕ್ತಿ ಎಲ್ಲಿಂದ ಬರುತ್ತೆ, ಎಲ್ಲ ಆ ಕಾಗದದಲ್ಲಿತ್ತು. ಅದೇ ಹೊತ್ತಿಗೆ ಅಲ್ಲಿನ ಸರ್ಕಾರ ಏಡ್ಸ್ ಔಷಧಿಗಳನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಕೊಡೋಕೆ ತಯಾರಿರಲಿಲ್ಲ. ಔಷಧಿಗಾಗಿ ಬೀದಿಯಲ್ಲಿ ಹೋರಾಟ ನಡೆದಿತ್ತು. ಆ ನಕ್ಷೆಗಳು ಒಂದು ಕಡೆ ಬರೆದವರ ಎದೆ ಹಗುರ ಮಾಡಿದವು, ಇನ್ನೊಂದು ಕಡೆ ಔಷಧಿ ಸಿಕ್ಕರೆ ನಾವು ಬದುಕುತ್ತೇವೆ ಅನ್ನೋದಕ್ಕೆ ಸಾಕ್ಷಿಯಾದವು. ಬಣ್ಣವೂ ಬೇಕಿತ್ತು, ಮಾತ್ರೆಯೂ ಬೇಕಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಳುಗಡೆಯ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ನಮ್ಮಲ್ಲಿ ಯಾರು ಮಾಡಿದ್ದಾರೆ?

ಕರ್ನಾಟಕಕ್ಕೆ ಇದು ಇನ್‌ಸ್ಟಾಗ್ರಾಂ ಮೂಲಕ ಬಂದಿದ್ದಲ್ಲ. ನೃತ್ಯ ಚಿಕಿತ್ಸೆಯನ್ನು ಭಾರತದಲ್ಲಿ ಬೆಳೆಸಿದವರಲ್ಲಿ ಮುಖ್ಯರಾದ ತ್ರಿಪುರಾ ಕಶ್ಯಪ್ ಬೆಂಗಳೂರಿನವರು. ಅಮೆರಿಕದಲ್ಲಿ ತರಬೇತಿ ಪಡೆದು ಬಂದು, ಅಂಗವೈಕಲ್ಯ ಇರುವ ಮಕ್ಕಳು, ಮಾನಸಿಕ ಕಾಯಿಲೆ ಇರುವವರ ಜೊತೆ ದಶಕಗಳ ಕಾಲ ಕೆಲಸ ಮಾಡಿದವರು. 2005ರಲ್ಲೇ 'ಮೈ ಬಾಡಿ, ಮೈ ವಿಸ್‌ಡಮ್' ಅನ್ನೋ ಕೈಪಿಡಿ ಬರೆದಿದ್ದಾರೆ. ಕೋಲ್ಕತ್ತದಲ್ಲಿ ಸೋಹಿನಿ ಚಕ್ರವರ್ತಿ 2004ರಲ್ಲಿ ಶುರುಮಾಡಿದ 'ಕೋಲ್ಕತ್ತ ಸಂವೇದ್' ಸಂಸ್ಥೆ, ಮಾನವ ಸಾಗಣೆಯಿಂದ ಪಾರಾಗಿ ಬಂದ ಹೆಣ್ಣುಮಕ್ಕಳ ಜೊತೆ ನೃತ್ಯದ ಮೂಲಕವೇ ಕೆಲಸ ಮಾಡ್ತಾ ಬಂದಿದೆ. ತನ್ನ ಮೈಯನ್ನು ಬೇರೆಯವರು ಸರಕಾಗಿ ಬಳಸಿದ ಮೇಲೆ, ಅದೇ ಮೈಯನ್ನು ತನ್ನ ಇಷ್ಟಕ್ಕೆ ಕುಣಿಸೋದು ಸಣ್ಣ ವಿಷಯವಲ್ಲ.

ರಂಗಭೂಮಿಯ ಕಡೆ ನೋಡಿದರೆ ಹುಲುಗಪ್ಪ ಕಟ್ಟೀಮನಿ ಇದ್ದಾರೆ. ರಂಗಾಯಣದ ಈ ಕಲಾವಿದ ರಾಜ್ಯದ ಜೈಲುಗಳಿಗೆ ಹೋಗಿ ಕೈದಿಗಳಿಗೆ ನಾಟಕ ಕಲಿಸಿದರು, ಅವರನ್ನು ಹೊರಗಿನ ರಂಗಮಂದಿರಗಳಿಗೂ ಕರೆತಂದರು. ನಾಟಕ ಕಲಿಯೋದು ಅಂದ್ರೆ ನಿಲ್ಲೋದು, ಉಸಿರಾಡೋದು, ಇನ್ನೊಬ್ಬರ ಕಣ್ಣು ನೋಡಿ ಮಾತಾಡೋದನ್ನು ಮತ್ತೆ ಕಲಿಯೋದು. ಹುಲಿಕಲ್‌ಗೆ ಹತ್ತಿರದಲ್ಲಿ, ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್ ಇದೆ. 1949ರಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ಹುಟ್ಟುಹಾಕಿದ ಸಂಸ್ಥೆ, 1980ರಿಂದ ರಂಗ ಶಿಕ್ಷಣ ಕೇಂದ್ರ. ಮೈಯನ್ನು ಮಾತಿನಷ್ಟೇ ಗಂಭೀರವಾಗಿ ತೆಗೆದುಕೊಳ್ಳುವ ತರಬೇತಿ ಈ ಮಲೆನಾಡಲ್ಲೇ 4 ದಶಕಗಳಿಂದ ನಡೀತಿದೆ.

ಆದ್ರೆ ಇವೆಲ್ಲ ಥೆರಪಿಯಾ? ಇಲ್ಲಿ ಗೆರೆ ಎಳೆಯಬೇಕು. ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರವನ್ನೇ ತಗೊಳ್ಳಿ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಉಸಿರು ಹಿಡಿದು ಎಳೆಯಬೇಕಾದ ಸಮಗೆರೆಗಳು, ಜೊತೆಗೆ ಕೂತ ಹೆಂಗಸರ ಹಾಡು. ಒಂದು ಮಧ್ಯಾಹ್ನ ಹಾಗೆ ಕೂತರೆ ಮನಸ್ಸು ತಿಳಿಯಾಗೋದು ಸಹಜ. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಬರೆಯುವ ಯಾರನ್ನು ಕೇಳಿದರೂ ಇದನ್ನು ಹೇಳ್ತಾರೆ. ಆದರೆ ಆ ಗೆರೆಗಳ ಉದ್ದೇಶ ಮದುವೆ, ಹಬ್ಬ, ಮನೆ. ಥೆರಪಿಯಲ್ಲಿ ಚಿತ್ರ ಚೆಂದ ಇರಬೇಕಿಲ್ಲ, ಯಾರಿಗೂ ತೋರಿಸಬೇಕಿಲ್ಲ. ಅಲ್ಲಿ ತರಬೇತಿ ಪಡೆದ ಒಬ್ಬರು ಇರ್ತಾರೆ, ಗೌಪ್ಯತೆ ಇರುತ್ತೆ, ಒಳಗಿನದ್ದು ದಿಢೀರನೆ ಉಕ್ಕಿ ಬಂದರೆ ಏನು ಮಾಡಬೇಕು ಅನ್ನೋ ಯೋಜನೆ ಇರುತ್ತೆ. ನಾ. ಡಿಸೋಜರ 'ಮುಳುಗಡೆ', 'ದ್ವೀಪ' ಕಾದಂಬರಿಗಳು, ಗಿರೀಶ್ ಕಾಸರವಳ್ಳಿಯವರ 'ದ್ವೀಪ' ಸಿನಿಮಾ ಶರಾವತಿಯ ನೋವನ್ನು ನಾಡಿಗೆ ತಿಳಿಸಿದವು. ಅವು ಓದುಗರಿಗೆ, ನೋಡುಗರಿಗೆ ಅಂತ ಮಾಡಿದ ಕೃತಿಗಳು. ಥೆರಪಿಯ ಚಿತ್ರ ಬರೆದವರಿಗಾಗಿ ಮಾತ್ರ. ಎರಡಕ್ಕೂ ಬೆಲೆ ಇದೆ, ಒಂದರ ಕೆಲಸ ಇನ್ನೊಂದು ಮಾಡಲ್ಲ.

ಪುರಾವೆ ಎಷ್ಟಿದೆ?

ಎಂಜಿನಿಯರಿಂಗ್ ಓದಿದ ತಲೆ ಇಲ್ಲಿ ಸುಮ್ಮನಿರಲ್ಲ. ಡೇಟಾ ತೋರಿಸಿ ಅನ್ನುತ್ತೆ.

ಇರುವ ಒಳ್ಳೆ ಅಧ್ಯಯನಗಳಲ್ಲಿ ಒಂದು 2014ರದ್ದು. ಉಳಿದ ಚಿಕಿತ್ಸೆಗೆ ಬಗ್ಗದ ಪಿಟಿಎಸ್‌ಡಿ ಇದ್ದ 64 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 10 ವಾರ ಯೋಗ, ಅದೂ ಆಘಾತಕ್ಕೊಳಗಾದವರಿಗೆ ಅಂತ ಹೊಂದಿಸಿದ್ದು. ಇನ್ನೊಂದಕ್ಕೆ ಆರೋಗ್ಯ ಶಿಕ್ಷಣದ ತರಗತಿ. ಕೊನೆಗೆ ಯೋಗದ ಗುಂಪಿನಲ್ಲಿ 52% ಮಂದಿ ಪಿಟಿಎಸ್‌ಡಿಯ ವ್ಯಾಖ್ಯೆಯಿಂದ ಹೊರಬಂದಿದ್ದರು, ಇನ್ನೊಂದರಲ್ಲಿ 21%. ಭರವಸೆ ಕೊಡುವ ಅಂಕಿ, ಆದರೆ ಗುಂಪು ಚಿಕ್ಕದು. ಅಧ್ಯಯನ ಮಾಡಿದವರು ವ್ಯಾನ್ ಡರ್ ಕೋಲ್ಕ್ ತಂಡದವರೇ. ಮೇಲಾಗಿ ಇದು ಯೋಗದ ಬಗ್ಗೆ, ಚಿತ್ರದ ಬಗ್ಗೆ ಅಲ್ಲ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ ಕಲೆ ಮತ್ತು ಆರೋಗ್ಯದ ಬಗ್ಗೆ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಹಾಕಿ ವರದಿ ಕೊಟ್ಟಿತು. ಕಲೆಯಿಂದ ಆರೋಗ್ಯಕ್ಕೆ ಅನುಕೂಲ ಇದೆ ಅನ್ನೋದು ಅದರ ಸಾರ. ಆದರೆ ಆ ಅಧ್ಯಯನಗಳ ಗುಣಮಟ್ಟ ಒಂದೇ ಥರ ಇಲ್ಲ. ಪಿಟಿಎಸ್‌ಡಿಗೆ ಅದೇ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಸೂಚಿಸಿದ್ದು ಆಘಾತ ಕೇಂದ್ರಿತ ಸಿಬಿಟಿ ಮತ್ತು ಇಎಮ್‌ಡಿಆರ್ ಎಂಬ ಚಿಕಿತ್ಸೆಗಳನ್ನು. ಈ ಮಾದರಿಯ ಆರ್ಟ್ ಥೆರಪಿಗೆ ಅಷ್ಟು ಗಟ್ಟಿ ಪುರಾವೆ ಇನ್ನೂ ಒದಗಿಲ್ಲ. 'ಸೊಂಟದಲ್ಲಿ ಟ್ರಾಮಾ ಶೇಖರವಾಗಿದೆ, ಈ ಒಂದು ಸ್ಟ್ರೆಚ್ ಮಾಡಿ ಬಿಡುಗಡೆ ಮಾಡಿ' ಅನ್ನೋ ರೀಲ್ಸ್‌ಗಂತೂ ಯಾವ ಆಧಾರವೂ ಇಲ್ಲ. ನೆನಪು ಸ್ನಾಯುವಿನಲ್ಲಿ ಕೊಬ್ಬಿನ ಹಾಗೆ ಕೂರಲ್ಲ. ಮಿದುಳು, ನರ, ಹಾರ್ಮೋನು ಎಲ್ಲ ಸೇರಿ ಕಲಿತ ಅಭ್ಯಾಸ ಅದು.

ನನ್ನ ತೀರ್ಮಾನ: ಮಾತು ಬಾರದವರಿಗೆ, ಮಾತಾಡಿದರೆ ಅಪಾಯ ಇರುವವರಿಗೆ, ಮಕ್ಕಳಿಗೆ ಇದು ಒಳ್ಳೆ ಬಾಗಿಲು. ಗೊತ್ತಿರುವ ಚಿಕಿತ್ಸೆಗಳ ಜೊತೆಗಿದ್ದರೆ ಬಲ. ಅವುಗಳ ಬದಲಿಗೆ ಅಂತ ಮಾರಿದರೆ ಮೋಸ.

ಮುಳುಗಡೆಗೆ ಥೆರಪಿ ಉಂಟಾ?

ಈಗ ಹುಲಿಕಲ್ ಸೀಮೆಗೆ ಬರೋಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯಿತು. ಸಾಗರ, ಹೊಸನಗರ ತಾಲ್ಲೂಕಿನ ಹಳ್ಳಿಗಳು, ಗದ್ದೆ, ತೋಟ, ದೇವಸ್ಥಾನ ನೀರಿನಡಿ ಹೋದವು. ಆಮೇಲೆ ಹುಲಿಕಲ್ ಸುತ್ತಮುತ್ತಲೇ ಮಾಣಿ, ಚಕ್ರಾ, ಸಾವೆಹಕ್ಲು ಅಣೆಕಟ್ಟೆಗಳು ಬಂದವು. ನಾಡಿಗೆ ಬೆಳಕು ಕೊಟ್ಟವರಲ್ಲಿ ಎಷ್ಟೋ ಕುಟುಂಬಗಳ ಭೂಮಿ ಹಕ್ಕಿನ ಪ್ರಶ್ನೆ 6 ದಶಕ ಕಳೆದರೂ ಇತ್ಯರ್ಥವಾಗಿಲ್ಲ. ಹಿನ್ನೀರಿನ ಆಚೆ ಉಳಿದ ಕರೂರು ಸೀಮೆಯವರಿಗೆ ಸಿಗಂದೂರು ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ, ಅಲ್ಲಿಯ ತನಕ ಲಾಂಚೇ ಗತಿ. ಈಗ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ಬಂದಾಗ ಜನ ಬೀದಿಗಿಳಿದಿದ್ದಾರೆ. ಒಂದು ಸಲ ಒಕ್ಕಲೆದ್ದವರ ಮೈ ಎರಡನೇ ಸಲ ಸರ್ವೆಯವರನ್ನು ಕಂಡಾಗ ಹೇಗೆ ಬಿಗಿಯಾಗುತ್ತೆ ಅನ್ನೋದನ್ನು ಊಹಿಸೋಕೆ ಕಷ್ಟ ಏನಿಲ್ಲ.

ಇಂಥವರಿಗೆ ಕಾಗದ ಹಾಸಿ ಬಣ್ಣ ಕೊಟ್ಟರೆ ಸಾಕಾ? ಇಲ್ಲೇ ನನ್ನ ತಕರಾರು ಇರೋದು. ಟ್ರಾಮಾ ಅಂದ್ರೆ ಅಪಾಯ ಮುಗಿದ ಮೇಲೂ ಕೂಗುವ ಅಲಾರಂ ಅಂದೆ. ಅಪಾಯ ಮುಗಿದೇ ಇಲ್ಲ ಅಂದ್ರೆ? ಕೈಯಲ್ಲಿ ಹಕ್ಕುಪತ್ರ ಇಲ್ಲ, ಅರಣ್ಯ ಇಲಾಖೆಯ ನೋಟಿಸು ಯಾವತ್ತು ಬರುತ್ತೋ ಗೊತ್ತಿಲ್ಲ. ಆಗ ನಿದ್ದೆಗೆಡೋದು ಕೆಟ್ಟ ಅಲಾರಂ ಏನಲ್ಲ, ಅದು ಸರಿಯಾಗೇ ಕೆಲಸ ಮಾಡ್ತಿದೆ. ಅದನ್ನು ಆಫ್ ಮಾಡೋ ಸ್ವಿಚ್ ತಾಲ್ಲೂಕು ಕಚೇರಿಯಲ್ಲಿದೆ, ವಿಧಾನಸೌಧದಲ್ಲಿದೆ.

ಮನೋವೈದ್ಯೆ ಜುಡಿತ್ ಹರ್ಮನ್ 1992ರ 'ಟ್ರಾಮಾ ಅಂಡ್ ರಿಕವರಿ' ಪುಸ್ತಕದಲ್ಲಿ ಚೇತರಿಕೆಗೆ ಮೂರು ಹಂತ ಹೇಳಿದರು: ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಶೋಕ, ಕೊನೆಗೆ ಜನರೊಂದಿಗೆ ಮರುಬೆಸುಗೆ. ಗಮನಿಸಿ, ಸುರಕ್ಷತೆ ಮೊದಲ ಹಂತ. ಟ್ರಾಮಾದ ಅಧ್ಯಯನ ಮುಂದುವರಿದದ್ದೇ ರಾಜಕೀಯ ಚಳವಳಿಗಳ ಬೆಂಬಲದಿಂದ, ಸೈನಿಕರದ್ದು ಯುದ್ಧವಿರೋಧಿ ಚಳವಳಿಯಿಂದ, ಮಹಿಳೆಯರದ್ದು ಸ್ತ್ರೀವಾದಿ ಚಳವಳಿಯಿಂದ ಅಂತಲೂ ಆಕೆ ತೋರಿಸಿದರು. 2023ರ 'ಟ್ರೂತ್ ಅಂಡ್ ರಿಪೇರ್'ನಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ದೌರ್ಜನ್ಯದಿಂದ ಪಾರಾದವರ ಜೊತೆ ಮಾತಾಡಿ, ನಡೆದದ್ದನ್ನು ಸಮಾಜ ಒಪ್ಪಿಕೊಳ್ಳೋದು ಅವರ ಪಾಲಿಗೆ ಎಷ್ಟು ಮುಖ್ಯ ಅಂತ ಬರೆದರು. ನ್ಯಾಯವೂ ಚಿಕಿತ್ಸೆಯ ಒಂದು ಭಾಗ ಅನ್ನೋದು ಅವರ ವಾದ.

ಹಾಗಂತ 'ಮೊದಲು ನ್ಯಾಯ ಸಿಗಲಿ, ಆಮೇಲೆ ಮನಸ್ಸಿನ ವಿಷಯ' ಅನ್ನೋ ನಮ್ಮ ಹೋರಾಟದ ಗೆಳೆಯರ ಮಾತನ್ನೂ ನಾನು ಒಪ್ಪಲ್ಲ. 60 ವರ್ಷ ಕಾದವರಿಗೆ ಇನ್ನೂ ಕಾಯಿರಿ ಅನ್ನೋದು ಕ್ರೌರ್ಯ. ಖಾಯೆಲಿಟ್ಶಾದ ಹೆಂಗಸರು ಎರಡನ್ನೂ ಒಟ್ಟಿಗೆ ಮಾಡಿದರು. ಹೋರಾಟಕ್ಕೆ ಬೇಕಾದ ಕಸುವೂ ಮೈಯಿಂದಲೇ ಬರಬೇಕಲ್ವಾ?

ಬೇಕಿರೋದು ಏನು?

ಹುಲಿಕಲ್‌ನಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ನೂರಾರು ಕಿ.ಮೀ. ಅಷ್ಟು ದೂರ ಎಲ್ಲರೂ ಹೋಗೋಕಾಗಲ್ಲ, ಹೋಗಬೇಕಾಗಿಯೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಸರ್ಕಾರಿ ಮಾನಸಿಕ ಆರೋಗ್ಯ ಸೇವೆ ಪ್ರತಿಯೊಬ್ಬರ ಹಕ್ಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ದೇಶಕ್ಕೆ ಸಿಕ್ಕಿದ್ದೇ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಿಂದ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ 'ಮನೋಚೈತನ್ಯ' ಕ್ಲಿನಿಕ್‌ಗಳ ಯೋಜನೆ ಇದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಲ್ಲಿ ಬೇಕಾದ್ರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಈ ವ್ಯವಸ್ಥೆಯೊಳಗೆ ಬಾಡಿ ಮ್ಯಾಪಿಂಗ್‌ನಂಥದ್ದನ್ನು ತರೋಕೆ ದೊಡ್ಡ ಯಂತ್ರ ಬೇಕಿಲ್ಲ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಕಾಗದ, ಬಣ್ಣ, ತರಬೇತಿ ಇರುವ ಒಬ್ಬ ಆಪ್ತಸಮಾಲೋಚಕಿ, ವಾರಕ್ಕೊಂದು ಗಂಟೆ ಸಮಯ. ಕೊರತೆ ಇರೋದು ಕೊನೆಯ ಎರಡಕ್ಕೆ.

ಖಾಸಗಿಯಾಗಿ ಹುಡುಕುವವರಿಗೆ ಒಂದು ಎಚ್ಚರಿಕೆ. 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯ ಪಟ್ಟಿಯಲ್ಲಿ ಆರ್ಟ್, ಡ್ಯಾನ್ಸ್, ಮೂವ್‌ಮೆಂಟ್ ಥೆರಪಿಸ್ಟ್‌ಗಳ ಹೆಸರಿದೆ. ಆದರೂ ಎರಡು ದಿನದ ಸರ್ಟಿಫಿಕೇಟ್ ಗೋಡೆಗೆ ಹಾಕಿಕೊಂಡು ಕೂತವರು ಬೇಕಾದಷ್ಟಿದ್ದಾರೆ. ಹಾಗಾಗಿ ದುಡ್ಡು ಕಟ್ಟೋ ಮುಂಚೆ ಕೇಳಿ: ಎಲ್ಲಿ, ಎಷ್ಟು ಕಾಲ ಕಲಿತಿದ್ದೀರಿ? ನಿಮ್ಮ ಕೆಲಸವನ್ನು ಗಮನಿಸೋ ಹಿರಿಯರು ಯಾರು? ನನಗೆ ಮಧ್ಯದಲ್ಲಿ ತುಂಬಾ ಕಷ್ಟ ಆದ್ರೆ ಏನು ಮಾಡ್ತೀರಿ? ನನ್ನ ಚಿತ್ರ ಯಾರ ಹತ್ತಿರ ಇರುತ್ತೆ? ನಡೀತಿರೋ ಮಾತ್ರೆ ನಿಲ್ಲಿಸಿ ಅಂತೀರಾ? ಕೊನೆಯದಕ್ಕೆ 'ಹೌದು' ಅಂದ್ರೆ ಅಲ್ಲಿಗೆ ಹೋಗಬೇಡಿ.

ಊರಿಗೆ ಹೋದಾಗ ನಾವು ನೀವು ಮಾಡಬಹುದಾದ್ದೂ ಒಂದಿದೆ. ಮುಂದಿನ ಗ್ರಾಮಸಭೆಯಲ್ಲಿ ಭೂಮಿಯ ಹಕ್ಕುಪತ್ರ ಎಲ್ಲಿಗೆ ಬಂತು ಅಂತ ಕೇಳುವ ದನಿಗೆ ಇನ್ನೊಂದು ಪ್ರಶ್ನೆ ಸೇರಿಸಿ: ಮಂಗಳವಾರದ ಕ್ಲಿನಿಕ್ ನಮ್ಮ ತಾಲ್ಲೂಕಲ್ಲಿ ನಡೀತಿದೆಯಾ, ಮನೋವೈದ್ಯರು ಬರ್ತಾರಾ, ಆಪ್ತಸಮಾಲೋಚಕರ ಹುದ್ದೆ ಭರ್ತಿಯಾಗಿದೆಯಾ? ಎರಡೂ ಪ್ರಶ್ನೆಗೆ ಲಿಖಿತ ಉತ್ತರ ಕೇಳಿ. ನಡಾವಳಿಯಲ್ಲಿ ಎರಡೂ ಒಟ್ಟಿಗೆ ದಾಖಲಾಗಲಿ.